ತೇರು ಎಳೆಯುವುದು ಕೈಯಲ್ಲ, ಕಾಲು

ನ್ಯೂಟನ್‌ನ ಮೂರನೇ ನಿಯಮವನ್ನು ಬಾಯಿಪಾಠ ಮಾಡುವುದು ಸುಲಭ. ನಂಬುವುದು ಕಷ್ಟ. ತಂಗಿಯ ಮಗಳು ಈಗ ಒಂಬತ್ತನೇ ಕ್ಲಾಸು. ಸಂಕ್ರಾಂತಿಯ ಮರುದಿನ ಉಡುಪಿಯ ರಥಬೀದಿಯಲ್ಲಿ ಚೂರ್ಣೋತ್ಸವದ ತೇರಿಗೆ ಕಾಯುತ್ತಿದ್ದಾಗ ಅವಳು ಕೇಳಿದಳು: "ಮಾವ, ನಾವು ತೇರನ್ನು ಎಷ್ಟು ಎಳೀತೇವೋ, ತೇರೂ ನಮ್ಮನ್ನು ಅಷ್ಟೇ ಎಳೀತದೆ ಅಂತ ಪುಸ್ತಕದಲ್ಲಿ ಉಂಟಲ್ಲ? ಮತ್ತೆ ಅದು ಮುಂದೆ ಹೋಗುವುದು ಹೇಗೆ?"

ಎಷ್ಟು ಚಂದದ ಪ್ರಶ್ನೆ! ಸಮ ಬಲಗಳು ಎದುರಾದರೆ ಒಂದನ್ನೊಂದು ಕಳೆದು ಸೊನ್ನೆ ಆಗಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಕಳೆಯಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲೆ ಬೀಳಬೇಕು. ಇಲ್ಲಿ ನಮ್ಮ ಎಳೆತ ಬೀಳುವುದು ತೇರಿನ ಮೇಲೆ. ತೇರಿನ ಎಳೆತ ನಮ್ಮ ಮೇಲೆ. ತೇರಿನ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. 1687ರಲ್ಲಿ ಈ ನಿಯಮ ಬರೆದಾಗ ನ್ಯೂಟನ್ ಕೂಡ ಹಗ್ಗ ಕಟ್ಟಿ ಕಲ್ಲೆಳೆಯುವ ಕುದುರೆಯ ಉದಾಹರಣೆಯನ್ನೇ ಕೊಟ್ಟಿದ್ದ.

"ಹಾಗಾದರೆ ತೇರು ಹಿಂದಕ್ಕೆ ಎಳೆದಾಗ ನಾವು ಯಾಕೆ ಹಿಂದೆ ಹೋಗುವುದಿಲ್ಲ?"

ಅಷ್ಟರಲ್ಲಿ ವಾದ್ಯ ಜೋರಾಯಿತು, ಹಗ್ಗ ಬಿಗಿಯಾಯಿತು. ನಾವೂ ಕೈ ಹಾಕಿದೆವು. ಯಾರೋ ಚೆಲ್ಲಿದ್ದ ಬೊಂಡದ ನೀರಿನ ಮೇಲೆ ಅವಳ ಕಾಲು ಬಿತ್ತು, ಸರ್ರನೆ ಜಾರಿತು. ಬೀಳಲಿಲ್ಲ, ಹಗ್ಗಕ್ಕೆ ಜೋತುಬಿದ್ದಳು. ಕೈ ಬಿಗಿಯಾಗೇ ಇತ್ತು, ಆದರೆ ಆ ಕ್ಷಣ ಅವಳಿಂದ ತೇರಿಗೆ ಏನೂ ಸಿಗಲಿಲ್ಲ. ಉತ್ತರ ಅಲ್ಲೇ ಇತ್ತು. ನಾವು ಪಾದದಿಂದ ಬೀದಿಯನ್ನು ಹಿಂದಕ್ಕೆ ಒತ್ತುತ್ತೇವೆ, ಬೀದಿ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳಿಕೆ ತೇರಿನ ಎಳೆತಕ್ಕಿಂತ ಜಾಸ್ತಿಯಾದರೆ ನಮ್ಮ ವೇಗ ಏರುತ್ತದೆ, ಹಗ್ಗದ ಹಿಂದೆ ತೇರಿನ ವೇಗವೂ ಏರುತ್ತದೆ. ಘರ್ಷಣೆ ಅಂದರೆ ಬರೀ ತಡೆ ಅಂತ ಮಕ್ಕಳಿಗೆ ಹೇಳಿಕೊಡುವುದು ನನಗೆ ಇಷ್ಟವಿಲ್ಲ. ಅದಿಲ್ಲದಿದ್ದರೆ ತೇರು ಬಿಡಿ, ನಾವು ಒಂದು ಹೆಜ್ಜೆಯೂ ನಡೆಯಲಾರೆವು.

ಎಳೆಯುವವರೆಲ್ಲ ಮುಂದಕ್ಕೆ ಬಾಗಿರುವುದನ್ನೂ ಅವಳಿಗೆ ತೋರಿಸಿದೆ. ಹಗ್ಗ ಕೈಯನ್ನು ಹಿಂದಕ್ಕೆ ಎಳೆಯುತ್ತದೆ, ನೆಲ ಪಾದವನ್ನು ಮುಂದಕ್ಕೆ ತಳ್ಳುತ್ತದೆ. ನೆಟ್ಟಗೆ ನಿಂತರೆ ಅಂಗಾತ ಬೀಳುತ್ತೇವೆ. ಬಾಗಿದಾಗ ನಮ್ಮ ತೂಕವೇ ಅದನ್ನು ಸರಿದೂಗಿಸುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ, ಅಲ್ವಾ?

ಮನೆಗೆ ಬಂದು ಊಟ ಮುಗಿಸಿ ಪೆನ್ನು ಹಿಡಿದಳು. ಸುಮ್ನೆ ಲೆಕ್ಕಕ್ಕೆ ತೇರು 10 ಟನ್, ಅಂದರೆ 10,000 ಕಿಲೋ ಅಂತ ಇಟ್ಟುಕೊಂಡೆವು. ನಿಂತ ತೇರು 10 ಸೆಕೆಂಡಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಬರಬೇಕು. ನಿಧಾನ ನಡಿಗೆಯ ವೇಗ ಅದು. ವೇಗ ಏರುವ ದರ 0.1. ಅದನ್ನು 10,000 ಕಿಲೋದಿಂದ ಗುಣಿಸಿದರೆ 1,000 ನ್ಯೂಟನ್. ಅಂದರೆ ಸುಮಾರು 100 ಕಿಲೋ ತೂಕದಷ್ಟು ಬಲ.

"ಇಷ್ಟೇಯಾ? ಅಷ್ಟು ಜನ ಯಾಕೆ ಮತ್ತೆ?"

ಚಕ್ರ ಮತ್ತು ಅಚ್ಚಿನ ನಡುವಿನ ಉಜ್ಜಾಟಕ್ಕೆ, ಚಕ್ರ ನೆಲವನ್ನು ಅದುಮುವುದಕ್ಕೆ ಉಳಿದ ಬಲ ಬೇಕು. ನಿಂತ ತೇರು ಕದಲುವ ಹೊತ್ತಿಗೆ ಈ ತಡೆ ಜಾಸ್ತಿ. ಉರುಳಲು ಶುರುವಾದ ಮೇಲೆ ತಡೆಯಷ್ಟೇ ಬಲ ಕೊಟ್ಟರೂ ಅದು ಅದೇ ವೇಗದಲ್ಲಿ ಹೋಗುತ್ತದೆ. ಎಳೆಯುವುದು ನಿಲ್ಲಿಸಿದರೂ ತಕ್ಷಣ ನಿಲ್ಲುವುದಿಲ್ಲ. ಅದಕ್ಕೇ ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದವರು ಜೊತೆಗೇ ನಡೆಯುವುದು. ನನ್ನ ಕಣ್ಣಲ್ಲಿ ತೇರಿನ ಸುತ್ತ ಅತಿ ಎಚ್ಚರ ಬೇಕಾದ ಕೆಲಸ ಅದು.

ಅವಳಿಗೆ ಇನ್ನೂ ಒಂದು ಸಂಶಯ ಉಳಿದಿತ್ತು. ನಾವು ಬೀದಿಯನ್ನು ಒತ್ತಿದರೆ ಬೀದಿ ಹಿಂದೆ ಹೋಗಬೇಕಲ್ಲ? ಹೋಗುತ್ತದೆ, ಭೂಮಿಯ ಸಮೇತ. ಆದರೆ ಭೂಮಿಯ ದ್ರವ್ಯರಾಶಿ ಕಿಲೋ ಲೆಕ್ಕದಲ್ಲಿ ಸುಮಾರು 6ರ ಮುಂದೆ 24 ಸೊನ್ನೆ. 1,000 ನ್ಯೂಟನ್ನನ್ನು ಅದರಿಂದ ಭಾಗಿಸಿದರೆ ಸಿಗುವ ಚಲನೆಯನ್ನು ಯಾವ ಉಪಕರಣವೂ ಅಳೆಯಲಾರದು. ತೇರು ನಿಲ್ಲುವಾಗ ಅದು ನೆಲವನ್ನು ಮುಂದಕ್ಕೆ ಒತ್ತುತ್ತದೆ, ಭೂಮಿಯ ಆ ಲೆಕ್ಕವೂ ಚುಕ್ತಾ.