ಆ ದಿನದ ಗಾರೆ ಆ ದಿನಕ್ಕೆ

ಮಂಗಳೂರಿನ ನಮ್ಮ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಪರೀಕ್ಷೆಯ ದಿನ ಓಡಿ ಬಂದು, ಒಂದು ಕ್ಷಣ ಮೊಣಕಾಲೂರಿ ಹಾಲ್ ಟಿಕೆಟ್ ಹಿಡಿದು ಓಡುವವರೇ ಹೆಚ್ಚು. ಗೋಡೆಯನ್ನು ಹತ್ತಿರದಿಂದ ನೋಡಲು ಪುರುಸೊತ್ತು ಸಿಗುವುದು ಕಾಲೇಜು ಬಿಟ್ಟ ಮೇಲೆ. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೋ ಮೊಸ್ಕೇನಿ 1899ರ ಸುಮಾರಿಗೆ ಅಲ್ಲಿ ಚಿತ್ರ ಬರೆಯತೊಡಗಿದಾಗ ಗೋಡೆಗಳಿಗೆ ಆರಿಸಿಕೊಂಡದ್ದು ಫ್ರೆಸ್ಕೊ ವಿಧಾನ. ಸುಣ್ಣದ ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಗಾಳಿ ಹೀರಿ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸೇರಿಹೋಗುತ್ತದೆ. ಒಣಗಿದ ಮೇಲೆ ಹಚ್ಚಿದರೆ ಹಾಗೆ ಹಿಡಿಯುವುದಿಲ್ಲ, ಕಾಲಕ್ರಮದಲ್ಲಿ ಉದುರುತ್ತದೆ. ಹಾಗಾಗಿ ಫ್ರೆಸ್ಕೊ ಬರೆಯುವವರು ಇಡೀ ಗೋಡೆಗೆ ಒಮ್ಮೆಲೇ ಗಾರೆ ಮೆತ್ತುವುದಿಲ್ಲ. ಆ ದಿನ ಎಷ್ಟು ಬರೆದು ಮುಗಿಸಬಹುದೋ ಅಷ್ಟಕ್ಕೆ ಮಾತ್ರ. ಸಂಜೆ ಮಿಕ್ಕ ಗಾರೆಯನ್ನು ಕೆರೆದು ತೆಗೆದು, ಬೆಳಿಗ್ಗೆ ಹೊಸದನ್ನು ಮೆತ್ತುತ್ತಾರೆ.

ಕೊನೆಯ ವರ್ಷದ ಮಕ್ಕಳು 'ಮುಂದೇನು' ಎಂದು ಕೇಳುವಾಗಲೆಲ್ಲ ಈ ಗಾರೆ ನೆನಪಾಗುತ್ತದೆ. ದೇವರ ಮೇಲೆ ಭಾರ ಹಾಕುವುದೆಂದರೆ ಕೈಕಟ್ಟಿ ಕೂರುವುದು ಎಂದುಕೊಂಡವರು ಬಹಳ. ಯೇಸುಸಭೆಯ (ಜೆಸ್ವಿಟ್) ಫಾದರ್‌ಗಳು ರಿಟ್ರೀಟುಗಳಲ್ಲಿ, ಅಂದರೆ ಪ್ರಾರ್ಥನಾ ಶಿಬಿರಗಳಲ್ಲಿ, ಕಲಿಸಿದ್ದು ಬೇರೆಯೇ. ಅದು ಆ ಸಭೆಯನ್ನು ಕಟ್ಟಿದ ಲೊಯೋಲಾದ ಸಂತ ಇಗ್ನೇಷಿಯಸ್ ಬರೆದಿಟ್ಟ, 1548ರಲ್ಲಿ ಮೂರನೆಯ ಪೌಲ್ ಪೋಪರು ಒಪ್ಪಿಗೆ ಕೊಟ್ಟ ಸಾಧನೆಯ ಕ್ರಮ. ಅದರಲ್ಲಿ ಕೆಲಸ ಬಹಳ ಇದೆ.

ಮೊದಲು ಪ್ರಶ್ನೆ ಒಂದೇ ಇರಬೇಕು, ಎರಡೂ ದಾರಿ ಒಳ್ಳೆಯದಾಗಿರಬೇಕು. ಮಸ್ಕತ್ತಿನ ನೌಕರಿಗೆ ಹೋಗುವುದೋ, ಊರಲ್ಲೇ ಬಿ.ಎಡ್. ಮಾಡುವುದೋ ಎನ್ನೋಣ. ಲಂಚ ಕೊಟ್ಟು ಸೇರಬೇಕಾದ ಕೆಲಸ ಈ ತಕ್ಕಡಿಗೆ ಬರುವಂತಿಲ್ಲ. ಮನಸ್ಸು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲುವ ತನಕ ಪ್ರಾರ್ಥಿಸಬೇಕು. ಕಷ್ಟದ ಹೆಜ್ಜೆ ಇದೇ, ದಿನಗಳೇ ಬೇಕಾಗುತ್ತವೆ. ಆಮೇಲೆ ಕಾಗದದಲ್ಲಿ ನಾಲ್ಕು ಪಟ್ಟಿ: ಹೋದರೆ ಲಾಭ, ಹೋದರೆ ಅಪಾಯ, ಹೋಗದಿದ್ದರೆ ಲಾಭ, ಹೋಗದಿದ್ದರೆ ಅಪಾಯ. ಉದ್ದ ಎಷ್ಟೆಂದು ಎಣಿಸುವುದಲ್ಲ, ತೂಕ ನೋಡುವುದು. ದೇವರ ಸೇವೆಗೆ, ನಮ್ಮ ಆತ್ಮಕ್ಕೆ ಯಾವುದು ಹಿತ ಎಂಬುದೇ ತೂಕದ ಕಲ್ಲು. ಆದರೂ ಗೊಂದಲವಿದ್ದರೆ ಇಗ್ನೇಷಿಯಸ್ ಇನ್ನೊಂದು ಉಪಾಯ ಹೇಳುತ್ತಾರೆ. ನೀವೆಂದೂ ಕಾಣದ ಒಬ್ಬರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದಿರಿ? ಸಾಯುವ ಗಳಿಗೆಯಲ್ಲಿ ಯಾವುದನ್ನು ಆರಿಸಿದ್ದರೆ ಚೆನ್ನಿತ್ತು ಅನ್ನಿಸೀತು? ತೀರ್ಮಾನವಾದ ಮೇಲೆ ಅದನ್ನು ದೇವರ ಮುಂದಿಟ್ಟು, ಅವರ ಚಿತ್ತವಾದರೆ ಸ್ವೀಕರಿಸಿ ಗಟ್ಟಿಮಾಡಲಿ ಎಂದು ಬೇಡಬೇಕು.

ಕೆಡುವುದು ಹೆಚ್ಚಾಗಿ ಶುರುವಿನಲ್ಲೇ. ನಾವೇ ನಿರ್ಧರಿಸಿಬಿಟ್ಟು ದೇವರ ರುಜು ಕೇಳುತ್ತೇವೆ. ಕಣ್ಣುಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಉತ್ತರ ಎನ್ನುವ ಅಭ್ಯಾಸವೂ ಇದೆ. ಅದು ನಂಬಿಕೆಯಲ್ಲ, ಅವಸರ.

ಇನ್ನು ತೀರ್ಮಾನದ ನಂತರ ಬರುವ ಒಣಗಾಲ. ವೀಸಾ ತಡವಾಗುತ್ತದೆ, ಪ್ರಾರ್ಥನೆ ನೀರಸವಾಗುತ್ತದೆ, ಎಲ್ಲ ತಪ್ಪಾಯಿತೇನೋ ಅನ್ನಿಸುತ್ತದೆ. ಆಗ ನಿಯಮ ಸ್ಪಷ್ಟ: ಅಂಥ ಹೊತ್ತಿನಲ್ಲಿ ಯಾವುದನ್ನೂ ಬದಲಿಸಬೇಡಿ, ಮನಸ್ಸು ತಿಳಿಯಾಗಿದ್ದಾಗ ಮಾಡಿದ ನಿರ್ಧಾರದಲ್ಲೇ ನಿಲ್ಲಿ. ಕೂತಲ್ಲೇ ಕೂರದೆ ಪ್ರಾರ್ಥನೆಯನ್ನು ಸ್ವಲ್ಪ ಹೆಚ್ಚಿಸಿ. ಕಾರಣ ನಮ್ಮದೇ ಸೋಮಾರಿತನವಿರಬಹುದು, ಪರೀಕ್ಷೆಯಿರಬಹುದು, ಸಾಂತ್ವನ ನಮ್ಮ ಸಂಪಾದನೆಯಲ್ಲ, ವರ ಎಂದು ಕಲಿಸಲೂ ಇರಬಹುದು.

ಇದನ್ನು ಬರೆದವರಿಗೂ ದಾರಿ ಮುಚ್ಚಿತ್ತು. 1534ರ ಆಗಸ್ಟ್ 15ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಇಗ್ನೇಷಿಯಸ್ ಮತ್ತು ಜೊತೆಗಾರರು ಸೇರಿ ಏಳು ಮಂದಿ ಜೆರುಸಲೇಮಿಗೆ ಹೋಗುವ ಹರಕೆ ಹೊತ್ತರು. ಆಗದಿದ್ದರೆ ಪೋಪರು ಹೇಳಿದಲ್ಲಿಗೆ ಹೋಗುವುದೆಂಬ ಮಾತನ್ನೂ ಸೇರಿಸಿದ್ದರು. 1537ರಲ್ಲಿ ವೆನಿಸ್ಸಿನಲ್ಲಿ ಕಾದರು. ಯುದ್ಧದಿಂದಾಗಿ ಯಾತ್ರಿಕರ ಹಡಗು ಹೊರಡಲಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ ಮಾಡಿದರು, ಬಳಿಕ ರೋಮಿಗೆ ಹೋದರು. 1540ರಲ್ಲಿ ಯೇಸುಸಭೆಗೆ ಮಂಜೂರಾತಿ ಸಿಕ್ಕಿತು. ಆ ಏಳು ಮಂದಿಯಲ್ಲಿ ಒಬ್ಬರಾದ, ಭಾರತಕ್ಕೆ ಹೊರಡಬೇಕಿದ್ದ ಬೊಬಡಿಲ್ಲಾ ಕಾಯಿಲೆ ಬಿದ್ದಾಗ ಅವರ ಬದಲು ಹೊರಟ ಫ್ರಾನ್ಸಿಸ್ ಕ್ಸೇವಿಯರ್ 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದರು. ಇಗ್ನೇಷಿಯಸ್ ರೋಮಿನಲ್ಲಿ ಪತ್ರ ಬರೆಯುತ್ತಾ ಉಳಿದರು, ಮತ್ತೆ ಜೆರುಸಲೇಮ್ ಕಾಣಲಿಲ್ಲ.

ಕಾಯುವ ದಿನಗಳಿಗೆ ಅವರು ಬಿಟ್ಟುಹೋದ ಸಣ್ಣ ಅಭ್ಯಾಸ ರಾತ್ರಿಯ ಆತ್ಮಪರಿಶೋಧನೆ. ಹದಿನೈದು ನಿಮಿಷ ಸಾಕು, ಫೋನ್ ಬೇರೆ ಕೋಣೆಯಲ್ಲಿರಲಿ. ದಿನದ ಉಪಕಾರಗಳಿಗೆ ಕೃತಜ್ಞತೆ, ಕಣ್ಣು ತೆರೆಸೆಂದು ಬೇಡಿಕೆ, ಬೆಳಗಿನಿಂದ ಗಂಟೆಗಂಟೆಯಾಗಿ ನಡೆದದ್ದನ್ನು ನೋಡುವುದು, ತಪ್ಪಿಗೆ ಕ್ಷಮೆ. ತಪ್ಪಿನಿಂದ ಶುರುಮಾಡಿದವರು ವಾರದೊಳಗೆ ಬಿಟ್ಟುಬಿಡುತ್ತಾರೆ, ಕೃತಜ್ಞತೆ ಮೊದಲಿರುವುದು ಅದಕ್ಕೇ. ಐದನೆಯದು ತಿದ್ದಿಕೊಳ್ಳುವ ನಿರ್ಧಾರ, ನಾಳೆಯೊಂದು ದಿನಕ್ಕೆ. ಕೊನೆಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ ದೀಪ ಆರಿಸಿ ಮಲಗುವುದು.