ಸೆವಿಲ್ ಪ್ರವಾಸ: ವ್ಯಾಪಾರಿಗಳಿಗೆ ಲೆಕ್ಕ ಕೇಳಿದ ಸನ್ಯಾಸಿಯ ಊರಲ್ಲಿ

ಸ್ಪೇನಿನ ಸೆವಿಲ್‌ಗೆ ಹೋಗುವವರು ಕೆಥೆಡ್ರಲ್, ಅಲ್ಕಾಝರ್ ಅರಮನೆ, ಒಂದು ಸಂಜೆ ಫ್ಲಮೆಂಕೊ ಅಂತ ಪ್ಲಾನ್ ಮಾಡಿಕೊಳ್ಳುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ. ಆದರೆ ನನ್ನನ್ನು ಅಲ್ಲಿಗೆ ಎಳೆದದ್ದು ತೊಮಾಸ್ ದೆ ಮೆರ್ಕಾದೊ ಎಂಬ, ಕ್ಯಾಥೊಲಿಕ್ ಚರ್ಚಿನ ದೊಮಿನಿಕನ್ ಪಂಥದ ಸನ್ಯಾಸಿ. ಹುಟ್ಟಿದ್ದು ಸೆವಿಲ್‌ನಲ್ಲಿ, ಸನ್ಯಾಸ ತೆಗೆದುಕೊಂಡಿದ್ದು ಮೆಕ್ಸಿಕೊದಲ್ಲಿ. ವಾಪಸ್ ಬಂದ ಮೇಲೆ ವ್ಯಾಪಾರ, ಸಾಲ, ಬಡ್ಡಿ, ಊರಿಂದೂರಿಗೆ ಹಣ ಕಳಿಸುವ ಹುಂಡಿ ಪತ್ರಗಳಲ್ಲಿ ಯಾವುದು ನ್ಯಾಯ, ಯಾವುದು ಮೋಸ ಅಂತ 1569ರಲ್ಲಿ ಒಂದು ಪುಸ್ತಕ ಬರೆದ. ಪಂಡಿತರ ಲ್ಯಾಟಿನ್ ಬಿಟ್ಟು, ವ್ಯಾಪಾರಿಗಳೇ ಓದಲಿ ಅಂತ ಸ್ಪ್ಯಾನಿಷ್‌ನಲ್ಲಿ ಬರೆದ. ಅವನ ಪುಸ್ತಕದ ಜಾಗಗಳು ಬಹುತೇಕ ಕೆಥೆಡ್ರಲ್ ಸುತ್ತಮುತ್ತಲೇ ಇವೆ. ನಡೆದೇ ನೋಡಬಹುದು.

ಮೊದಲು ತಲುಪುವ ಮಾತು. ಬೆಂಗಳೂರಿನಿಂದ ಎಲ್ಲಾದರೂ ವಿಮಾನ ಬದಲಿಸಿ ಮ್ಯಾಡ್ರಿಡ್‌ಗೆ ಹೋಗಿ. ಅಲ್ಲಿನ ಅತೋಚಾ ನಿಲ್ದಾಣದಿಂದ ವೇಗದ ರೈಲು ಸುಮಾರು ಎರಡೂವರೆ ಗಂಟೆಯಲ್ಲಿ ಸೆವಿಲ್‌ನ ಸಾಂತಾ ಹುಸ್ತಾ ನಿಲ್ದಾಣ ತಲುಪಿಸುತ್ತದೆ. ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ. ಷೆಂಗೆನ್ ವೀಸಾಕ್ಕೆ ಸಾಕಷ್ಟು ಮುಂಚೆ ಅರ್ಜಿ ಹಾಕಿ. ಜುಲೈ, ಆಗಸ್ಟ್‌ನಲ್ಲಿ ಹೋಗಲೇಬೇಡಿ, ಬಿಸಿಲು 40 ಡಿಗ್ರಿ ದಾಟುತ್ತದೆ. ಮಾರ್ಚ್ ಅಥವಾ ಅಕ್ಟೋಬರ್-ನವೆಂಬರ್ ಒಳ್ಳೆಯದು. ಈಸ್ಟರ್ ವಾರದಲ್ಲಿ, ಅದರ ನಂತರದ ಜಾತ್ರೆಯ ಸಮಯದಲ್ಲಿ ರೂಮ್ ಬಾಡಿಗೆ ವಿಪರೀತ ಏರುತ್ತದೆ.

ನಡಿಗೆಯನ್ನು ಬೆಳಿಗ್ಗೆ ಕೆಥೆಡ್ರಲ್‌ನ ಉತ್ತರಕ್ಕಿರುವ ಪೆರ್ದೋನ್ ಬಾಗಿಲಿನಿಂದ ಶುರು ಮಾಡಿ. ಟಿಕೆಟ್ ಬೇಡ, ರಸ್ತೆಯಿಂದಲೇ ಕಾಣುತ್ತದೆ. ಬಾಗಿಲ ಮೇಲಿನ ಉಬ್ಬುಶಿಲ್ಪದಲ್ಲಿ ಯೇಸು ವ್ಯಾಪಾರಿಗಳನ್ನು ದೇವಾಲಯದಿಂದ ಓಡಿಸುತ್ತಿದ್ದಾನೆ. ಅದರ ಎದುರಿನ ಮೆಟ್ಟಿಲ ಸಾಲೇ ಗ್ರಾದಾಸ್. 16ನೇ ಶತಮಾನದಲ್ಲಿ ಇಡೀ ಊರಿನ ವ್ಯಾಪಾರಿಗಳು ಸೇರುತ್ತಿದ್ದದ್ದು ಇಲ್ಲೇ. ಬಿಸಿಲು, ಮಳೆ ಬಂದರೆ ಚರ್ಚಿನ ಒಳಗೇ ನುಗ್ಗಿ ಚೌಕಾಸಿ ಮಾಡುತ್ತಿದ್ದರಂತೆ. ತಲೆಯ ಮೇಲೆ ಆ ಶಿಲ್ಪ, ಕೆಳಗೆ ಈ ವ್ಯವಹಾರ!

ಇಲ್ಲಿ ಸ್ವಲ್ಪ ಹೊತ್ತು ಕೂರಿ. ಅಮೆರಿಕದ ಬೆಳ್ಳಿ ಹಡಗುಗಳು ಬಂದಾಗ ಈ ಊರಲ್ಲಿ ಬೆಲೆಗಳು ಏರುವುದನ್ನು ಮೆರ್ಕಾದೊ ಕಣ್ಣಾರೆ ಕಂಡಿದ್ದ. ಹಣ ಎಲ್ಲಿ ಜಾಸ್ತಿಯೋ ಅಲ್ಲಿ ಅದಕ್ಕೆ ಬೆಲೆ ಕಮ್ಮಿ ಅಂತ ಬರೆದ. ಬೆಳ್ಳಿ ಹುಟ್ಟುವ ಅಮೆರಿಕದಲ್ಲಿ ಹಣಕ್ಕೆ ಎಲ್ಲಕ್ಕಿಂತ ಕಡಿಮೆ ಮರ್ಯಾದೆ, ಆಮೇಲೆ ಸೆವಿಲ್‌ನಲ್ಲಿ, ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆ), ರೋಮ್ ಕಡೆ ಹೋದರೆ ಜಾಸ್ತಿ. ಮಾರ್ಟಿನ್ ದೆ ಅಸ್ಪಿಲ್ಕುಯೆತಾ ಎಂಬ ಪಾದ್ರಿ 1556ರಲ್ಲೇ ಇಂಥ ಮಾತು ಹೇಳಿದ್ದ. ಆದರೆ ಮೆರ್ಕಾದೊ ಬರೆದದ್ದರಲ್ಲಿ ಸಂತೆಯ ಗದ್ದಲವೇ ಕೇಳುತ್ತದೆ. ಸಾಲದಲ್ಲಿ ಕೊಟ್ಟೆ ಅನ್ನುವ ಒಂದೇ ಕಾರಣಕ್ಕೆ ಸರಕಿನ ಬೆಲೆ ಏರಿಸಿದರೆ ಅದೂ ಚರ್ಚ್ ಪಾಪ ಅನ್ನುತ್ತಿದ್ದ ಬಡ್ಡಿಯೇ ಅಂತ ಅವನ ವಾದ. ನಮ್ಮ ಕಂತಿನ ಅಂಗಡಿಗಳನ್ನು ನೋಡಿದ್ದರೆ ಏನನ್ನುತ್ತಿದ್ದನೋ.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಕೇಪ್ ವರ್ಡ್‌ನಿಂದ ಮೆಕ್ಸಿಕೊಗೆ 500 ಗುಲಾಮರನ್ನು ಒಂದೇ ಹಡಗಿನಲ್ಲಿ ತುಂಬಿ ಕಳಿಸಿದ್ದನ್ನು, ಒಂದೇ ರಾತ್ರಿಯಲ್ಲಿ ಅವರಲ್ಲಿ 120 ಜನ ಸತ್ತದ್ದನ್ನು ಅವನು ದಾಖಲಿಸಿದ್ದಾನೆ. ಕಳಿಸಿದವರು ಇದೇ ಗ್ರಾದಾಸ್‌ನ ಇಬ್ಬರು ವ್ಯಾಪಾರಿಗಳು. ಈ ದಂಧೆಗೆ ಕೈ ಹಾಕಬೇಡಿ ಅಂತ ಅವನು ಎಚ್ಚರಿಸಿದ್ದು ತನ್ನ ಓದುಗರನ್ನೇ. ಪುಸ್ತಕವನ್ನು ಅರ್ಪಿಸಿದ್ದೂ ಸೆವಿಲ್‌ನ ವ್ಯಾಪಾರಿಗಳ ಸಂಘಕ್ಕೆ. ಧೈರ್ಯ ಬೇಕು, ಅಲ್ವಾ? ಗೈಡ್‌ಗಳ ಬಾಯಲ್ಲಿ ಕೊಲಂಬಸ್ ಕಥೆಯೇ ಜಾಸ್ತಿ, ಹಾಗಾಗಿ ಹೋಗುವ ಮೊದಲು ಇಷ್ಟು ಓದಿಕೊಂಡಿರಿ. ಮೂಲ ಸ್ಪ್ಯಾನಿಷ್ ಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅನುವಾದದ ಆ್ಯಪ್ ಹಿಡಿದುಕೊಂಡರೂ ನಡೆಯುತ್ತದೆ.

ಕೆಥೆಡ್ರಲ್‌ನ ಇನ್ನೊಂದು ಬದಿಗೆ ಇಂಡೀಸ್, ಅಂದರೆ ಸ್ಪೇನಿನ ಅಮೆರಿಕದ ವಸಾಹತುಗಳ, ದಾಖಲೆಗಳ ಭಂಡಾರವಿದೆ. ಚರ್ಚಿನಲ್ಲಿ ವ್ಯಾಪಾರ ನಿಲ್ಲಿಸಬೇಕು ಅಂತ ಆರ್ಚ್‌ಬಿಷಪ್ ಪಟ್ಟು ಹಿಡಿದ ಮೇಲೆ ವ್ಯಾಪಾರಿಗಳಿಗಾಗಿಯೇ 1584ರಲ್ಲಿ ಕಟ್ಟಲು ಶುರು ಮಾಡಿದ ಕಟ್ಟಡ ಇದು. 1785ರಲ್ಲಿ ದಾಖಲೆ ಭಂಡಾರವಾಯಿತು. ಪ್ರವೇಶ ಉಚಿತ. ಸೋಮವಾರ ರಜೆ, ಭಾನುವಾರ ಮಧ್ಯಾಹ್ನಕ್ಕೇ ಮುಚ್ಚುತ್ತಾರೆ. ಮೂಲ ದಾಖಲೆಗಳು ಸಂಶೋಧಕರಿಗೆ ಮಾತ್ರ, ನಮಗೆ ಸಿಗುವುದು ಕಟ್ಟಡ ಮತ್ತು ಪ್ರದರ್ಶನ. ಅರ್ಧ ಗಂಟೆ ಸಾಕು.

ಅಲ್ಕಾಝರ್‌ಗೆ ಆನ್‌ಲೈನ್‌ನಲ್ಲೇ ಸಮಯ ಹಿಡಿದು ಟಿಕೆಟ್ ತೆಗೆಯಿರಿ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಎಲ್ಲರೂ ಸುಮ್ನೆ ಹೆಂಚಿನ ಚಿತ್ತಾರ, ತೋಟದ ಕಡೆ ಓಡುತ್ತಾರೆ. ನೀವು ಮೊದಲು ಅಡ್ಮಿರಲ್ ಕೋಣೆಗಳಿಗೆ ಹೋಗಿ. 1503ರಲ್ಲಿ ಶುರುವಾದ ವ್ಯಾಪಾರ ಕಚೇರಿ ನಡೆದದ್ದು ಅಲ್ಲಿ. ಅಮೆರಿಕದ ಜೊತೆಗಿನ ವ್ಯಾಪಾರವೆಲ್ಲ ಅದರ ಕೈಯಲ್ಲಿತ್ತು. ಅಲೆಹೊ ಫೆರ್ನಾಂಡೆಸ್ ಬರೆದ ನಾವಿಕರ ಮೇರಿಯ ಚಿತ್ರವೂ ಅಲ್ಲೇ ಇದೆ. ಮೇರಿಯ ಸೆರಗಿನಡಿ ಕಪ್ತಾನರು, ಸಾಹುಕಾರರು, ಅವರ ಹಿಂದೆ ಅಮೆರಿಕದ ಮೂಲನಿವಾಸಿಗಳು. ಕೆಳಗೆ ಹಡಗುಗಳು. ಗ್ರಾದಾಸ್ ನೋಡಿ ಬಂದ ಮೇಲೆ ಈ ಚಿತ್ರ ಬೇರೆಯೇ ಥರ ಕಾಣುತ್ತದೆ.

ಊಟದ ಬಗ್ಗೆ ಒಂದೆರಡು ಮಾತು. ಮಧ್ಯಾಹ್ನದ ಊಟ 2 ಗಂಟೆಗೆ, ರಾತ್ರಿಯದು 9ಕ್ಕೆ. ಸಸ್ಯಾಹಾರಿಗಳಿಗೆ ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯದಂಥದ್ದು ಸಿಗುತ್ತದೆ, ಎಸ್ಪಿನಾಕಾಸ್ ಕಾನ್ ಗರ್ಬಾನ್ಸೋಸ್ ಅಂತ ಕೇಳಿ. ಟೊಮ್ಯಾಟೊದ ಸಾಲ್ಮೊರೆಹೊ ತಣ್ಣಗೆ ಚೆನ್ನಾಗಿರುತ್ತದೆ. ಆದರೆ ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸುತ್ತಾರೆ, ಬೇಡ ಅಂತ ಮುಂಚೆಯೇ ಹೇಳಿ.

ಸಂಜೆಗೆ ಮ್ಯಾಗ್ದಲೇನಾ ಚರ್ಚ್ ಇಟ್ಟುಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಅದು ಹಿಂದೆ ದೊಮಿನಿಕನ್ನರ ಸಾನ್ ಪಾಬ್ಲೊ ಮಠದ ಚರ್ಚ್. ಅಮೆರಿಕದ ಮೂಲನಿವಾಸಿಗಳ ಪರ ಹೋರಾಡಿದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1544ರಲ್ಲಿ ಬಿಷಪ್ ಪಟ್ಟಕ್ಕೇರಿದ್ದು ಇಲ್ಲೇ. ಈಗಿನ ಕಟ್ಟಡ ಆಮೇಲಿನದು. ಮೆರ್ಕಾದೊ ಸಮಾಧಿ ಹುಡುಕಬೇಡಿ. 1575ರಲ್ಲಿ ಮೆಕ್ಸಿಕೊಗೆ ಮರಳುವಾಗ ಹಡಗಿನಲ್ಲೇ ತೀರಿಕೊಂಡ, ಸಮುದ್ರಕ್ಕೇ ಬಿಟ್ಟರು.

ಇನ್ನೂ ಸಮಯವಿದ್ದರೆ ಮ್ಯಾಡ್ರಿಡ್ ಮೂಲಕ ಸಾಲಮಾಂಕಾಗೆ ರೈಲು ಹಿಡಿಯಿರಿ. ಅವನ ಪುಸ್ತಕ ಮೊದಲು ಅಚ್ಚಾದದ್ದು ಆ ಊರಲ್ಲಿ. ಹೆಸರಾಂತ ದೊಮಿನಿಕನ್ ಪಂಡಿತ ಫ್ರಾನ್ಸಿಸ್ಕೊ ದೆ ವಿತೋರಿಯಾ ಇದ್ದ ಸಾನ್ ಎಸ್ತೆಬಾನ್ ಮಠವೂ ಅಲ್ಲಿದೆ. ಅದಕ್ಕೆ ಒಂದು ರಾತ್ರಿ ಅಲ್ಲೇ ಉಳಿಯುವುದು ವಾಸಿ.