ಚೌತಿಯ ಭಾನುವಾರ ಮೆಲ್ಬರ್ನಿನಿಂದ ಬಂದ ವಿಡಿಯೊ

2025ರ ಆಗಸ್ಟ್ 31ರ ಭಾನುವಾರ ನಮ್ಮ ಮನೆಯ ಗಣಪತಿಗೆ ಐದನೆಯ ದಿನ. ಬೆಳಗಿನ ಹತ್ತರ ಸುಮಾರಿಗೆ ಆಯಿ, ಅಂದರೆ ಅಮ್ಮ, ಜಗಲಿಯಲ್ಲಿ ಕುಳಿತು ಪೂಜೆಗೆಂದು ಗರಿಕೆಯನ್ನು ಇಪ್ಪತ್ತೊಂದರಂತೆ ಕಟ್ಟುಗಳಾಗಿ ಕಟ್ಟುತ್ತಿದ್ದಾಗ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಮೆಲ್ಬರ್ನಿನ ಬೀದಿಯಲ್ಲಿ ಬಾವುಟ ಹೊದ್ದ ಜನ ಕೂಗುತ್ತ ಸಾಗುತ್ತಿದ್ದರು. ಭಾರತೀಯರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದಾರೆ ಎಂದು ಅದರ ಕೆಳಗೆ ಯಾರೋ ಬರೆದಿದ್ದರು. ನನ್ನ ತಂಗಿ ಒಂಬತ್ತು ವರ್ಷಗಳಿಂದ ಆ ನಗರದಲ್ಲಿ ನರ್ಸ್ ಆಗಿದ್ದಾಳೆ. ಆಯಿ ಗರಿಕೆಯನ್ನು ಹಾಗೆಯೇ ಬಿಟ್ಟು, ಫೋನನ್ನು ಬಾಯಿಯ ಹತ್ತಿರ ಹಿಡಿದು, “ತಂಗೀ, ಇವತ್ತು ಡ್ಯೂಟಿಗೆ ಹೋಗಡ, ಬಾಗ್ಲು ಹಾಕ್ಯಂಡು ಒಳಗೇ ಇರು” ಎಂದು ಧ್ವನಿ ಸಂದೇಶ ಕಳಿಸಿದಳು. ಅಲ್ಲಿ ಆಗಲೇ ಮಧ್ಯಾಹ್ನ ಎರಡೂವರೆ. ತಂಗಿ ವಾರ್ಡಿನೊಳಗಿದ್ದಳು, ಅವಳ ಫೋನು ಲಾಕರಿನಲ್ಲಿತ್ತು. ಉತ್ತರ ಬಂದದ್ದು ಸಂಜೆ ಆರಕ್ಕೆ. ಆ ಎಂಟು ಗಂಟೆಗಳಲ್ಲಿ ನಮ್ಮ ಮನೆಯಲ್ಲಿ ಪೂಜೆ ನಡೆಯಿತು, ಊಟ ಮುಗಿಯಿತು, ಆದರೆ ಯಾರಿಗೂ ಯಾವುದರ ಮೇಲೂ ಮನಸ್ಸಿರಲಿಲ್ಲ.

ಅಂದು ಅಲ್ಲಿ ನಡೆದದ್ದು ‘ಮಾರ್ಚ್ ಫಾರ್ ಆಸ್ಟ್ರೇಲಿಯಾ’ ಎಂಬ ಹೆಸರಿನ, ವಲಸೆಯನ್ನು ವಿರೋಧಿಸುವ ಮೆರವಣಿಗೆ. ಸಿಡ್ನಿ, ಬ್ರಿಸ್ಬೇನ್, ಅಡಿಲೇಡ್, ಪರ್ತ್, ಕ್ಯಾನ್‌ಬೆರಾಗಳಲ್ಲಿಯೂ ಅದೇ ದಿನ ನಡೆಯಿತು. ಮೆಲ್ಬರ್ನಿನಲ್ಲಿ ನವನಾಜಿ ಗುಂಪಿನ ಮುಖಂಡನೊಬ್ಬ ಸಂಸತ್ ಭವನದ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದ. ಆ ನಂತರ ಒಂದು ಗುಂಪು ಏಟು ಹಾಕಿದ್ದು ಭಾರತೀಯರಿಗಲ್ಲ, ಆ ನೆಲದ ಮೂಲನಿವಾಸಿಗಳು ಉದ್ಯಾನವೊಂದರಲ್ಲಿ ಹೂಡಿದ್ದ ಶಿಬಿರದಲ್ಲಿದ್ದವರಿಗೆ. ಇದು ಸಣ್ಣ ಸಂಗತಿಯಲ್ಲ. ಆದರೆ ನಮ್ಮ ಫೋನಿಗೆ ತಲುಪಿದ್ದು ಇದಲ್ಲ. ನಡೆಯದ ಒಂದು ಘಟನೆಯನ್ನು ನಾವು ಎಂಟು ಗಂಟೆ ನಂಬಿದೆವು, ನಿಜವಾಗಿ ನಡೆದದ್ದು ಎರಡು ದಿನಗಳವರೆಗೆ ನಮಗೆ ತಿಳಿಯಲೇ ಇಲ್ಲ.

ಈ ಭಯಕ್ಕೆ ಹಳೆಯ ಬೇರು ಇದೆ. 2009ರಲ್ಲಿ ಮೆಲ್ಬರ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಒಂದರ ಹಿಂದೊಂದು ಹಲ್ಲೆಗಳಾದವು. ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ರಾತ್ರಿಯವರೆಗೆ ಕುಳಿತು ಪ್ರತಿಭಟಿಸಿದರು. ನಮ್ಮ ಟಿವಿಗಳಲ್ಲಿ ವಾರಗಟ್ಟಲೆ ಅದೇ ಸುದ್ದಿಯಿತ್ತು. ಆಮೇಲೆ ಆಸ್ಟ್ರೇಲಿಯಾದ ಅಪರಾಧಶಾಸ್ತ್ರ ಸಂಸ್ಥೆಯು ನಾಲ್ಕು ಲಕ್ಷಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳ ದಾಖಲೆಗಳನ್ನು ಪೊಲೀಸ್ ದಾಖಲೆಗಳೊಡನೆ ಹೋಲಿಸಿ 2011ರಲ್ಲಿ ಒಂದು ವರದಿ ಕೊಟ್ಟಿತು. ಭಾರತೀಯ ವಿದ್ಯಾರ್ಥಿಗಳ ಮೇಲಿನ ಹಲ್ಲೆಯ ಪ್ರಮಾಣ ಒಟ್ಟಾರೆಯಾಗಿ ಅಲ್ಲಿನ ಸಾಮಾನ್ಯ ಜನರಷ್ಟೇ ಅಥವಾ ಅದಕ್ಕಿಂತ ಕಡಿಮೆ ಇತ್ತು. ಆದರೆ ದೊಡ್ಡ ರಾಜ್ಯಗಳಲ್ಲಿ ದರೋಡೆಗೆ ಸಿಕ್ಕವರಲ್ಲಿ ಭಾರತೀಯ ಹುಡುಗರ ಪ್ರಮಾಣ ಹೆಚ್ಚಿತ್ತು. ಪೆಟ್ರೋಲ್ ಬಂಕಿನಲ್ಲಿ, ಟ್ಯಾಕ್ಸಿಯಲ್ಲಿ, ರಾತ್ರಿಯಿಡೀ ತೆರೆದಿರುವ ಅಂಗಡಿಯಲ್ಲಿ ದುಡಿದು, ಕೊನೆಯ ರೈಲಿನಲ್ಲಿ ಒಬ್ಬನೇ ಮನೆಗೆ ಮರಳುವ ಹುಡುಗ ಯಾವ ದೇಶದವನಾದರೂ ಕಳ್ಳನ ಕಣ್ಣಿಗೆ ಬೀಳುತ್ತಾನೆ. ಜನಾಂಗ ದ್ವೇಷ ಎಷ್ಟರ ಮಟ್ಟಿಗೆ ಕಾರಣವೆಂದು ಆ ದಾಖಲೆಗಳಿಂದ ಹೇಳಲಾಗದು ಎಂದೂ ವರದಿ ಒಪ್ಪಿಕೊಂಡಿತ್ತು. ವರದಿಯ ಈ ಎರಡೂ ಮಾತುಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಕಷ್ಟ. ‘ಅಲ್ಲಿ ಏನೂ ತೊಂದರೆಯಿಲ್ಲ’ ಎನ್ನುವವರು ಮೊದಲರ್ಧವನ್ನು ಹಿಡಿಯುತ್ತಾರೆ, ‘ಅಲ್ಲಿಗೆ ಹೋಗಲೇಬಾರದು’ ಎನ್ನುವವರು ಉಳಿದರ್ಧವನ್ನು.

ಕೊಲೆಗಳ ಲೆಕ್ಕವನ್ನೇ ನೋಡುವುದಾದರೆ ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ಒಬ್ಬರು ಕೊಲೆಯಾಗುತ್ತಾರೆ, 1990ರ ಸುಮಾರಿನಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಇದರ ಎರಡರಷ್ಟಿತ್ತು. ಆದರೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ದಾಖಲಾದ ಅಪರಾಧಗಳು ಶೇಕಡಾ 17ರಷ್ಟು ಏರಿದವು. ಈ ಏರಿಕೆಯ ದೊಡ್ಡ ಪಾಲು ಕಾರು ಕಳವು, ನಿಲ್ಲಿಸಿದ ಕಾರಿನೊಳಗಿಂದ ಕಳವು, ಅಂಗಡಿಗಳಿಂದ ಕಳವು. ಅಂದರೆ ತಂಗಿಯ ಪ್ರಾಣಕ್ಕಿಂತ ಅವಳ ಕಾರಿಗೆ ಹೆಚ್ಚು ಅಪಾಯವಿದೆ. ಅವಳ ನೆರೆಮನೆಯವರ ಕಾರಿನ ನಂಬರ್ ಪ್ಲೇಟನ್ನು ರಾತ್ರಿ ಯಾರೋ ಬಿಚ್ಚಿಕೊಂಡು ಹೋದದ್ದನ್ನು ಅವಳು ಹೇಳಿದ್ದಳು. ನಾವು ಅದನ್ನು ಕೇಳಿ ಮರೆತಿದ್ದೆವು, ಏಕೆಂದರೆ ಅದರಲ್ಲಿ ವಿಡಿಯೊ ಆಗುವಂಥದ್ದು ಏನೂ ಇರಲಿಲ್ಲ.

2024ರ ಏಪ್ರಿಲ್ 13ರಂದು ಸಿಡ್ನಿಯ ಬಾಂಡೈ ಜಂಕ್ಷನ್ ಮಾಲಿನಲ್ಲಿ ಒಬ್ಬನು ಚಾಕುವಿನಿಂದ ಆರು ಜನರನ್ನು ಕೊಂದಾಗಲೂ ಆಯಿ ಮೊದಲು ಮಾಡಿದ್ದು ಮೆಲ್ಬರ್ನಿಗೆ ಫೋನು. ಎರಡು ನಗರಗಳ ನಡುವಿನ ದೂರ ಶಿರಸಿಯಿಂದ ಬೆಂಗಳೂರಿಗೆ ಹೋಗಿ ಮರಳಿ ಬಂದಷ್ಟು ಎಂದು ಹೇಳಿದರೂ ಅವಳ ಮನಸ್ಸು ಒಪ್ಪಲಿಲ್ಲ. ಆ ದಿನ ಸಾಮಾಜಿಕ ಜಾಲತಾಣಗಳಲ್ಲಿ ಹಂತಕನೆಂದು ಹೆಸರಿಸಲ್ಪಟ್ಟವನು ಘಟನೆಗೆ ಸಂಬಂಧವೇ ಇಲ್ಲದ ಒಬ್ಬ ವಿದ್ಯಾರ್ಥಿ. ಒಂದು ಟಿವಿ ವಾಹಿನಿಯೂ ಆ ಹೆಸರನ್ನು ಬಿತ್ತರಿಸಿತು. ಸತ್ತವರಲ್ಲಿ ಐವರು ಹೆಂಗಸರು, ಆರನೆಯವನು ಪಾಕಿಸ್ತಾನದಿಂದ ಆಶ್ರಯ ಅರಸಿ ಬಂದಿದ್ದ ಕಾವಲುಗಾರ. ಕೊಂದವನು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ, ಆಸ್ಟ್ರೇಲಿಯಾದವನೇ.

ಇದನ್ನೆಲ್ಲ ಬರೆಯುವಾಗ ನನಗೆ 2017ರ ಡಿಸೆಂಬರ್ ನೆನಪಾಗುತ್ತದೆ. ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕ ಮೇಲೆ ಹಬ್ಬಿದ ಮಾತುಗಳಿಂದ ಕುಮಟಾದಲ್ಲಿ ಪೊಲೀಸ್ ವಾಹನಕ್ಕೆ ಬೆಂಕಿ ಬಿತ್ತು, ಮರುದಿನ ಶಿರಸಿಯಲ್ಲಿ ಕಲ್ಲು ತೂರಾಟವಾಯಿತು. ಅಂದು ತಂಗಿ ಮೆಲ್ಬರ್ನಿನಿಂದ ಅಳುತ್ತ ಫೋನು ಮಾಡಿ, ಪೇಟೆಗೆ ಕಾಲಿಡಬೇಡಿ ಎಂದಿದ್ದಳು. ನಾವು ಪೇಟೆಯಿಂದ ಹನ್ನೆರಡು ಕಿಲೋಮೀಟರು ದೂರದ ತೋಟದ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಆ ಸಾವು ನೀರಿನಲ್ಲಿ ಮುಳುಗಿ ಆದದ್ದು ಎಂದು 2022ರಲ್ಲಿ ಸಿಬಿಐ ವರದಿ ಸಲ್ಲಿಸುವ ಹೊತ್ತಿಗೆ, ಅದನ್ನು ನಂಬದೆ ಇರಲು ತೀರ್ಮಾನಿಸಿದವರು ನಂಬದೆಯೇ ಉಳಿದರು.

ಪ್ರತಿಭಟನೆಯನ್ನೇ ಅಪಾಯವೆಂದು ತಿಳಿಯುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗಂತೂ ಸಲ್ಲದು. 1983ರಲ್ಲಿ ಸಾಲ್ಕಣಿಯಲ್ಲಿ ಕಾಡು ಕಡಿಯದಂತೆ ಮರಗಳನ್ನು ಅಪ್ಪಿಕೊಂಡವರು, ಕೈಗಾ ಅಣುಸ್ಥಾವರದ ವಿರುದ್ಧ ನಡೆದವರು, ಇಂದಿಗೂ ಹೊನ್ನಾವರದ ಕಾಸರಕೋಡ ಟೊಂಕದ ಮರಳಿನಲ್ಲಿ ಬಂದರಿನ ವಿರುದ್ಧ ನಿಲ್ಲುವ ಮೀನುಗಾರ ಹೆಂಗಸರು ನಮ್ಮವರೇ. 2025ರ ಆಗಸ್ಟ್ 3ರಂದು ಸಿಡ್ನಿಯ ಹಾರ್ಬರ್ ಬ್ರಿಜ್ ಮೇಲೆ ಗಾಜಾದ ಪರವಾಗಿ ಮಳೆಯಲ್ಲಿ ನಡೆದವರು ಪೊಲೀಸರ ಲೆಕ್ಕದಲ್ಲಿಯೇ 90,000. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮೆರವಣಿಗೆಗೆ ಏಳು ದಿನ ಮೊದಲು ಪೊಲೀಸರಿಗೆ ತಿಳಿಸುವ ಕ್ರಮವಿದೆ. ಪೊಲೀಸರು ಒಪ್ಪದಿದ್ದರೆ ವಿಷಯ ಆ ರಾಜ್ಯದ್ದೇ ಆದ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಈ ನಡಿಗೆಗೆ ಪೊಲೀಸರು ಬೇಡವೆಂದರೂ ನ್ಯಾಯಾಲಯ ಅವಕಾಶ ಕೊಟ್ಟಿತು.

ಆದರೆ ಆಗಸ್ಟ್ 31ರ ಮೆರವಣಿಗೆಯನ್ನು ನಾನು ಅದೇ ತಕ್ಕಡಿಯಲ್ಲಿ ಇಡಲಾರೆ. ಅದರ ಪ್ರಚಾರದ ಕರಪತ್ರದಲ್ಲಿ, ನೂರು ವರ್ಷಗಳಲ್ಲಿ ಬಂದ ಗ್ರೀಕರು ಮತ್ತು ಇಟಾಲಿಯನ್ನರಿಗಿಂತ ಐದು ವರ್ಷಗಳಲ್ಲಿ ಬಂದ ಭಾರತೀಯರೇ ಹೆಚ್ಚು ಎಂದು ಬರೆದಿತ್ತು. ತಂಗಿಯನ್ನು ಯಾರೂ ಮುಟ್ಟಲಿಲ್ಲ. ಮೆರವಣಿಗೆಯ ವಿಷಯ ಅವಳಿಗೆ ಮೊದಲೇ ತಿಳಿದಿದ್ದರಿಂದ ಒಂದು ರೈಲು ಮುಂಚೆ ಹೊರಟಿದ್ದಳು, ಅಷ್ಟೇ. ಆದರೂ ಮರುದಿನ ರೈಲಿನಲ್ಲಿ ಎದುರಿಗೆ ಕುಳಿತವರ ಮುಖ ನೋಡುತ್ತ, ಇವರಲ್ಲಿ ಯಾರು ಅಲ್ಲಿಗೆ ಹೋಗಿದ್ದಿರಬಹುದು ಎಂದು ಎಣಿಸಿದೆ ಎಂದಳು. ಒಂಬತ್ತು ವರ್ಷ ಅವರದೇ ಮುದುಕರ ಬೆನ್ನು ಒರೆಸಿದವಳಿಗೆ ಇಂಥ ಯೋಚನೆ ಬಂದುದು ಯಾವ ಅಪರಾಧದ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಇಷ್ಟೆಲ್ಲದರಲ್ಲಿ ನನಗೆ ನಿಜವಾಗಿ ನೋವು ಕೊಟ್ಟದ್ದು ಇದೊಂದೇ ಮಾತು.

ಅದೇ ವಾರ ಇನ್ನೊಂದು ಸಂಗತಿಯೂ ನಡೆಯಿತು. ಆ ವರ್ಷದ ಮೇ ತಿಂಗಳಲ್ಲಿ ಮೆಲ್ಬರ್ನಿನ ನಾರ್ತ್‌ಲ್ಯಾಂಡ್ ಎಂಬ ಮಾಲಿನಲ್ಲಿ ಹುಡುಗರ ಗುಂಪುಗಳು ಉದ್ದನೆಯ ಕತ್ತಿಗಳಿಂದ ಹೊಡೆದಾಡಿದ ಮೇಲೆ ವಿಕ್ಟೋರಿಯಾ ಸರ್ಕಾರವು ಅಂಥ ಕತ್ತಿಗಳ ಮಾರಾಟವನ್ನು ನಿಲ್ಲಿಸಿ, ಸೆಪ್ಟೆಂಬರ್ 1ರಿಂದ ಮನೆಯಲ್ಲಿ ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. ಶಿಕ್ಷೆ ಎರಡು ವರ್ಷ ಜೈಲು ಅಥವಾ 47,000 ಡಾಲರಿಗೂ ಹೆಚ್ಚು ದಂಡ. ನವೆಂಬರ್ ಕೊನೆಯೊಳಗೆ ಪೊಲೀಸ್ ಠಾಣೆಗಳ ಹೊರಗಿಟ್ಟ ಪೆಟ್ಟಿಗೆಗಳಿಗೆ ಹಾಕಿಬಿಟ್ಟರೆ ಯಾರೂ ಕೇಳುತ್ತಿರಲಿಲ್ಲ. ತಂಗಿಯ ಗಂಡ, ನಮ್ಮ ಭಾವ, ಶಿರಸಿಯಿಂದ ಒಯ್ದಿದ್ದ ಕತ್ತಿ, ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ದಿನವೂ ತೋಟಕ್ಕೆ ಬರುವಂಥದ್ದೇ. ಅವರ ಮನೆಯಲ್ಲಿ ಅದು ಕಾಯಿ ಒಡೆಯುವುದಕ್ಕೆ ಮಾತ್ರ ಬಳಕೆಯಾಗುತ್ತಿತ್ತು. ಹಿಡಿಯ ಮರ ಅಜ್ಜನ ಕೈಯಿಂದ ನುಣುಪಾದದ್ದು. ಭಾವ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಒಯ್ದು ಪೆಟ್ಟಿಗೆಗೆ ಹಾಕಿ ಬಂದರು. ಕಾನೂನು ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಆಯಿಗೆ ಈ ಸುದ್ದಿ ಹೇಳುವಾಗ ನನ್ನ ದನಿ ತಗ್ಗಿತ್ತು.

ಈಗ ನಾವು ಸುದ್ದಿ ಬಂದ ಕೂಡಲೇ ಫೋನು ಮಾಡುವುದನ್ನು ಬಿಟ್ಟಿದ್ದೇವೆ. ಅದರ ಬದಲು ತಂಗಿಯ ಪಾಳಿ ಎಷ್ಟಕ್ಕೆ ಮುಗಿಯುತ್ತದೆ, ಯಾವ ರೈಲು, ನಿಲ್ದಾಣದಿಂದ ಮನೆಗೆ ನಡಿಗೆಯೋ ಕಾರೋ ಎಂದು ಕೇಳಿ ಬರೆದಿಟ್ಟುಕೊಂಡಿದ್ದೇವೆ. ಸಂಜೆ ಆರರ ನಂತರ ಕೊನೆಯ ರೈಲಿನವರೆಗೂ ಮೆಲ್ಬರ್ನಿನ ನಿಲ್ದಾಣಗಳಲ್ಲಿ ಕಾವಲಿನ ಅಧಿಕಾರಿಗಳನ್ನು ಇರಿಸುವ ವ್ಯವಸ್ಥೆ 2012ರಲ್ಲಿ ಶುರುವಾಯಿತು. ತಂಗಿ ಅವರ ಕಣ್ಣಿಗೆ ಕಾಣುವ ಕಡೆಯೇ ನಿಲ್ಲುತ್ತಾಳೆ. ಮನೆ ತಲುಪಿದೊಡನೆ ‘ಬಂದಿ’ ಎಂದು ಒಂದು ಸಂದೇಶ ಹಾಕುತ್ತಾಳೆ. ಇಲ್ಲಿ ಆಯಿ ದೇವರಿಗೆ ದೀಪ ಹಚ್ಚುವ ಹೊತ್ತು ಅದು. ಅಕ್ಟೋಬರಿನ ಮೊದಲ ಭಾನುವಾರದಿಂದ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಹಾಗಾಗಿ ಸಂದೇಶ ಐದು ಗಂಟೆಗೇ ಬರುತ್ತದೆ. ಅದನ್ನು ಆಯಿಗೆ ಈಗಲೇ ಹೇಳಿಡಬೇಕು.